ಕಂಪ್ಯೂಟರ್ ಮೇಜಿನ ಮೇಲಿನ ಒಗ್ಗರಣೆ ಡಬ್ಬಿ

ನಮ್ಮ ಮನೆಗೆ ಬಂದವರು ಕೂತು, ನೀರು ಕುಡಿದು, ಮಂಡಿನೋವಿನ ವಿಚಾರ ಒಂದು ಸುತ್ತು ಮುಗಿಸಿದ ಮೇಲೆ ಕೇಳುವ ಪ್ರಶ್ನೆ ಒಂದೇ. "ಅಲ್ಲಾ, ಒಗ್ಗರಣೆ ಡಬ್ಬೀನ ಕಂಪ್ಯೂಟರ್ ಪಕ್ಕ ಯಾಕೆ ಇಟ್ಟಿದೀರ?" ನನ್ನ ಹೆಂಡತಿ ಸರೋಜ ಅಡುಗೆಮನೆಯಿಂದಲೇ "ಅವರನ್ನೇ ಕೇಳಿ" ಎಂದು ಕೈತೊಳೆದುಕೊಳ್ಳುತ್ತಾಳೆ. ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡುತ್ತೇನೆ. ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ಅವರಿಗೆ ಬಸ್ಸಿನ ನೆನಪಾಗಿ ಎದ್ದುಬಿಡುತ್ತಾರೆ. ಹಾಗಾಗಿ ಇದನ್ನು ಪೂರ್ತಿ ಕೇಳಿದವರು ಇದುವರೆಗೆ ಯಾರೂ ಇಲ್ಲ. ನೀವಾದರೂ ಕೂತಿದ್ದೀರಿ, ಸಂತೋಷ.

ಡಬ್ಬಿ ಹಿತ್ತಾಳೆಯದು. ಒಳಗೆ ಏಳು ಬಟ್ಟಲು, ನಡುವೆ ಒಂದು, ಸುತ್ತ ಆರು. ಮುಚ್ಚಳ ಸ್ವಲ್ಪ ಸೊಟ್ಟ. ಅಂಗೈಯಿಂದ ಒಂದು ಗುದ್ದು ಕೊಡದೆ ಕೂರುವುದಿಲ್ಲ. ಕುರುಬರಹಳ್ಳಿಯ ನಮ್ಮ ಬೀದಿಯಲ್ಲಿ ಆ ಗುದ್ದು ಕೇಳಿಸಿತೆಂದರೆ ಇವರ ಮನೆಯ ಸಾರಿಗೆ ಒಗ್ಗರಣೆ ಬಿತ್ತು ಎಂದು ಅಕ್ಕಪಕ್ಕದವರಿಗೆ ತಿಳಿಯುತ್ತಿತ್ತು. ಅದು ನನ್ನ ಅಜ್ಜಿಯ ಡಬ್ಬಿ, ಅಂದರೆ ಅಮ್ಮನ ಅಮ್ಮನದು. ಅಜ್ಜಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಪುಟ್ಟಲಕ್ಷ್ಮಮ್ಮ, ನನ್ನ ದೊಡ್ಡಮ್ಮ. ಚಿಕ್ಕವಳು ಜಯಮ್ಮ, ನನ್ನ ಅಮ್ಮ. ಅಜ್ಜಿ ಬಹಳ ಒಳ್ಳೆಯವಳು, ಯಾರಿಗೂ ಇಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ. ದೊಡ್ಡಮಗಳನ್ನು ಕರೆದು "ಡಬ್ಬಿ ನಿನಗೇ ಕಣೇ" ಎಂದಿದ್ದಳಂತೆ. ಚಿಕ್ಕಮಗಳನ್ನು ಕರೆದು "ಡಬ್ಬಿ ನೀನೇ ಇಟ್ಕೊಳೇ" ಎಂದಿದ್ದಳಂತೆ. ಎರಡೂ ನಿಜವೇ ಇರಬೇಕು. ಕೊನೆಗೆ ಡಬ್ಬಿ ಅಮ್ಮನ ಟ್ರಂಕಿನಲ್ಲಿ ನಮ್ಮ ಮನೆಗೆ ಬಂತು.

ಅಂದಿನಿಂದ ದೊಡ್ಡಮ್ಮ ನಮ್ಮ ಮನೆಗೆ ಬಂದಾಗಲೆಲ್ಲ ಚಪ್ಪಲಿ ಬಿಡುತ್ತಲೇ ಕೇಳುತ್ತಿದ್ದಳು, "ನನ್ ಡಬ್ಬಿ ಹೇಗಿದ್ಯೇ?" ಅಮ್ಮ ಒಲೆಯ ಮುಂದಿನಿಂದಲೇ ಉತ್ತರ ಕೊಡುತ್ತಿದ್ದಳು, "ನನ್ ಡಬ್ಬಿ ಚೆನ್ನಾಗಿದೆ ಅಕ್ಕ." ಆಮೇಲೆ ಇಬ್ಬರೂ ಕಾಫಿ ಕುಡಿಯುತ್ತಿದ್ದರು. ನಾನು ಚಡ್ಡಿ ಹಾಕಿಕೊಂಡಿದ್ದಾಗ ಶುರುವಾದ ಈ ವ್ಯಾಜ್ಯ ನನಗೆ ನಿವೃತ್ತಿಯಾದರೂ ಇತ್ಯರ್ಥವಾಗಿರಲಿಲ್ಲ.

ದೊಡ್ಡಮ್ಮನನ್ನು ಕೊಟ್ಟಿದ್ದು ಮೂಡಲಪಾಳ್ಯದ ಬೇಸಾಯದ ಮನೆಗೆ. ಆಗ ಅಲ್ಲಿ ರಾಗಿ ಹೊಲವಿತ್ತು. ಈಗ ಹೊಲವಿದ್ದ ಜಾಗದಲ್ಲಿ ಕೆಳಗೆ ನಾಲ್ಕು ಅಂಗಡಿ, ಮೇಲೆ ಆರು ಬಾಡಿಗೆ ಮನೆ. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಮನೆ ತುಂಬ ಜನ. ಎಲ್ಲರೂ ಒಳ್ಳೆಯವರೇ. ಆದರೆ ಹನ್ನೆರಡು ವರ್ಷದ ಹಿಂದೆ ದೊಡ್ಡಮ್ಮನ ಕಿವಿ ಪೂರ್ತಿ ಹೋಯಿತು. ಮಷೀನು ಹಾಕಿದರೆ "ಒಳಗೆ ಯಾರೋ ಸೌದೆ ಒಡೀತಾವ್ರೆ" ಎಂದು ಕಿತ್ತಿಟ್ಟಳು. ಕಿವುಡರ ಹತ್ತಿರ ಜನ ಎಷ್ಟು ಮಾತನಾಡುತ್ತಾರೆ ಹೇಳಿ. ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಅಷ್ಟೇ. ಅದನ್ನೂ ಕೈಸನ್ನೆಯಲ್ಲೇ ಮುಗಿಸುತ್ತಾರೆ.

ಆಗ ಅಮ್ಮ ಕಾಗದ ಬರೆಯತೊಡಗಿದಳು. ವಾರಕ್ಕೊಂದು, ಭಾನುವಾರಕ್ಕೆ. ಟಪಾಲಿಗೆ ಹಾಕುವುದಲ್ಲ, ಟಪಾಲಿನವನು ನಾನೇ. ಅಂಟಿಸಿದ ಲಕೋಟೆಯನ್ನು ಸ್ಕೂಟರಿನಲ್ಲಿ ಇಟ್ಟುಕೊಂಡು ಹೋಗಿ ದೊಡ್ಡಮ್ಮನ ಕೈಗೆ ಕೊಟ್ಟು, ಅವಳು ಓದಿ ಮುಗಿಸುವ ತನಕ ಕೂತಿದ್ದು, ಅವಳು ಬರೆದುಕೊಟ್ಟ ಚೀಟಿಯನ್ನು ಮಡಿಸಿದ ಹಾಗೆಯೇ ಅಮ್ಮನಿಗೆ ತಂದುಕೊಡಬೇಕು. ಕಾಗದದಲ್ಲಿ ಏನಿರುತ್ತದೆ ಎಂದು ಹೋದ ವರ್ಷದ ತನಕ ನನಗೆ ಗೊತ್ತಿರಲಿಲ್ಲ. ಒಂದು ಸಲ ಬೆಳಕಿಗೆ ಹಿಡಿದು ನೋಡಿದ್ದೆ. ಹಿಂದೆ ಅಮ್ಮ ನಿಂತಿದ್ದಳು. ಆ ಮಾತು ಬಿಡಿ.

ಒಂದೇ ಒಂದು ಭಾನುವಾರ ಕಾಗದ ತಪ್ಪಿತ್ತು. ನನಗೆ ಜ್ವರ, ಸ್ಕೂಟರ್ ಹತ್ತಲಾಗಲಿಲ್ಲ. "ಅಮ್ಮ ಚೆನ್ನಾಗಿದಾರೆ, ನಾಳೆ ಕಾಗದ ಬರತ್ತೆ" ಎಂದು ಫೋನಿನಲ್ಲಿ ಹೇಳಿದೆ. ಅವರ ಸೊಸೆ ಸನ್ನೆ ಮಾಡಿ ತಿಳಿಸಿದಳು ಕೂಡ. ದೊಡ್ಡಮ್ಮ ತಲೆಯಾಡಿಸಿದಳಂತೆ. ಮಧ್ಯಾಹ್ನ ಊಟಕ್ಕೆ ಕರೆಯಲು ಹೋದರೆ ಆಸಾಮಿ ಇಲ್ಲ. ಎಂಬತ್ತು ದಾಟಿದ ಹೆಂಗಸು, ಕಿವಿ ಕೇಳದವಳು, ಒಬ್ಬಳೇ ನಡೆದುಕೊಂಡು ವಿಜಯನಗರದ ಬಸ್‌ಸ್ಟ್ಯಾಂಡ್ ತನಕ ಬಂದು, ಸಿಕ್ಕವರನ್ನೆಲ್ಲ ಕುರುಬರಹಳ್ಳಿ ಬಸ್ಸು ಯಾವುದು ಎಂದು ಕೇಳುತ್ತಿದ್ದಳು. ಅವರು ಹೇಳುತ್ತಿದ್ದರು, ಇವಳಿಗೆ ಕೇಳಿಸುತ್ತಿರಲಿಲ್ಲ. ಆಮೇಲೆ ಯಾಕೆ ಹೀಗೆ ಮಾಡಿದೆ ಎಂದು ಸನ್ನೆ ಮಾಡಿದರೆ ಹೇಳಿದಳು, "ಫೋನಲ್ಲಿ ಯಾರು ಏನ್ ಬೇಕಾದ್ರೂ ಅನ್ಬೋದು. ಕಾಗದ ಬಂದಿಲ್ಲ ಅಂದ್ರೆ ಜಯ ಇಲ್ಲ ಅಂತ ಅಂದ್ಕೊಂಡೆ." ಆ ರಸ್ತೆಯಲ್ಲಿ ವಾಹನಗಳು ಒಂದು ಕ್ಷಣವೂ ನಿಲ್ಲುವುದಿಲ್ಲ. ಅವತ್ತೇ ಅಮ್ಮ ತೀರ್ಮಾನ ಮಾಡಿದಳು, ಇನ್ನು ಯಾವ ಭಾನುವಾರವೂ ತಪ್ಪಕೂಡದು.

ಇನ್ನು ಅಮ್ಮನ ಬೆರಳಿನ ವಿಚಾರ. ಅಮ್ಮ ಸರ್ಕಾರಿ ಕಚೇರಿಯಲ್ಲಿ ಕನ್ನಡ ಟೈಪಿಸ್ಟ್ ಆಗಿದ್ದವಳು. ಮೂವತ್ತು ವರ್ಷ ಕಬ್ಬಿಣದ ಟೈಪ್‌ರೈಟರ್ ಕುಟ್ಟಿದ ಕೈ. ಚಿಕ್ಕವನಿದ್ದಾಗ ನನಗೆ ನಿದ್ದೆ ಬರದಿದ್ದರೆ ಬೋರಲು ಮಲಗಿಸಿಕೊಂಡು ಬೆನ್ನು ತಟ್ಟುತ್ತಿದ್ದಳು. ಬೇರೆ ತಾಯಂದಿರು ಅಂಗೈಯಿಂದ ತಟ್ಟುತ್ತಾರೆ. ಅಮ್ಮ ಹತ್ತು ಬೆರಳಿನಿಂದ ಟೈಪ್ ಮಾಡುತ್ತಿದ್ದಳು. "ಏನು ಬರೀತಿದೀಯಮ್ಮ?" ಎಂದರೆ "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಮಲಕ್ಕೋ" ಎನ್ನುತ್ತಿದ್ದಳು. ಸರ್ಕಾರಿ ಆದೇಶದ ಮೇಲೆ ನಿದ್ದೆ ಮಾಡಿದ ಮಗು ನಾನೊಬ್ಬನೇ ಇರಬೇಕು.

ವಯಸ್ಸಾದ ಮೇಲೆ ಪೆನ್ನು ಹಿಡಿದರೆ ಅವಳ ಕೈ ನಡುಗುತ್ತದೆ, ಬರೆದದ್ದು ಅವಳಿಗೇ ಓದಲಾಗುವುದಿಲ್ಲ. ಕೀಲಿ ಒತ್ತುವಾಗ ಮಾತ್ರ ಆ ನಡುಕ ಎಲ್ಲಿ ಹೋಗುತ್ತದೋ ಕಾಣೆ. ಹಾಗಾಗಿ ಕಾಗದ ಶುರುವಾದಾಗ ಪ್ರಿಂಟರ್ ಸಮೇತ ಒಂದು ಹಳೆಯ ಕಂಪ್ಯೂಟರ್ ತಂದೆವು. ಅದರಲ್ಲಿ ಒಬ್ಬ ಪುಣ್ಯಾತ್ಮ ಒಂದು ಎಡಿಟರ್ ಹಾಕಿಕೊಟ್ಟಿದ್ದ. ಅಕ್ಷರ ಬರೆಯಲು, ತಿದ್ದಲು ಇರುವ ಸಣ್ಣ ತಂತ್ರಾಂಶ. ಅದರ ದೊಡ್ಡಗುಣವೆಂದರೆ ಯಾವ ಕೀಲಿ ಒತ್ತಿದರೆ ಯಾವ ಅಕ್ಷರ ಬರಬೇಕೆಂದು ನಾವೇ ಒಂದು ಪಟ್ಟಿ ಬರೆದುಕೊಡಬಹುದು. ಅಮ್ಮನ ಟೈಪ್‌ರೈಟರಿನ ಪಟ್ಟಿ ಬೇಕಿತ್ತು. "ಕ ಎಲ್ಲಿತ್ತಮ್ಮ?" ಎಂದೆ. ಅಮ್ಮ ಯೋಚಿಸಿ ಯೋಚಿಸಿ "ಗೊತ್ತಿಲ್ಲ ಕಣೋ" ಎಂದಳು. ಮೂವತ್ತು ವರ್ಷ ಕುಟ್ಟಿದವಳಿಗೆ ಗೊತ್ತಿಲ್ಲ. ಗೊತ್ತಿದ್ದದ್ದು ಬೆರಳಿಗೆ. ಕಣ್ಣು ಮುಚ್ಚಿಕೊಂಡು ಊಟದ ಮೇಜಿನ ಮೇಲೆ 'ಕಡತ' ಎಂದು ಟೈಪ್ ಮಾಡು ಎಂದೆ. ಬೆರಳು ತಾನಾಗಿ ಓಡಿತು. ನಾನು ಬಗ್ಗಿ ನೋಡುತ್ತಾ ಯಾವ ಬೆರಳು ಎಲ್ಲಿ ಕುಕ್ಕಿತು ಎಂದು ಬರೆದುಕೊಂಡೆ. ಎರಡು ದಿನ ಮೇಜು ಕುಟ್ಟಿ ಪಟ್ಟಿ ಸಿದ್ಧವಾಯಿತು. ಆ ಪಟ್ಟಿ ಆ ಎಡಿಟರ್ ಒಂದಕ್ಕೇ ಅರ್ಥವಾಗುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ.

ಹೋದ ವರ್ಷ ಒಂದು ಗುರುವಾರ ಹಳೆಯ ಕಂಪ್ಯೂಟರ್ ಒಂದು ಸಲ ಕೆಮ್ಮಿ ಆರಿಹೋಯಿತು. ಪುಣ್ಯಕ್ಕೆ ಅಮ್ಮನ ಕಾಗದಗಳೂ ಪಟ್ಟಿಯೂ ಪೆನ್‌ಡ್ರೈವಿನಲ್ಲಿದ್ದವು. ರಾಜಾಜಿನಗರದಲ್ಲಿ ಪರಿಚಯದ ಸೆಕೆಂಡ್‌ಹ್ಯಾಂಡ್ ಅಂಗಡಿಗೆ ಹೋಗಿ ಬೇರೊಂದು ತಂದೆ. ಅದರಲ್ಲಿ ಎಲ್ಲವೂ ಇತ್ತು, ಆ ಎಡಿಟರ್ ಒಂದು ಬಿಟ್ಟು. ಮತ್ತೆ ಅಂಗಡಿಗೆ ಓಡಿದೆ. ಅಂಗಡಿಯವರು ಹುಡುಕಿ, ತಲೆ ಕೆರೆದುಕೊಂಡು ಹೇಳಿದರು, "ಅಂಕಲ್, ಈ ಸಿಸ್ಟಮ್‌ಗೆ ಅದು ರೆಡಿಮೇಡ್ ಸಿಗಲ್ಲ. ಸೋರ್ಸ್ ಮಾತ್ರ ಇದೆ. ಸೋರ್ಸ್ ಅಂದ್ರೆ ಬಿಡಿಭಾಗ ಅಂತ ಇಟ್ಕೊಳಿ. ಇಳಿಸ್ಕೊಂಡು ನೀವೇ ಜೋಡಿಸ್ಕೋಬೇಕು. ಅದ್ರಲ್ಲೇ ಹೇಗೆ ಅಂತ ಬರ್ದಿರ್ತಾರೆ."

ಬಿಡಿಭಾಗ. ಆ ಒಂದು ಮಾತು ಕೇಳಿ ನನ್ನ ಎದೆ ಉಬ್ಬಿತು. ಯಾಕೆಂದರೆ ನಾನು ಮೂವತ್ತೈದು ವರ್ಷ ಒಂದು ಕಾರ್ಖಾನೆಯ ಸ್ಟೋರ್ಸ್ ನೋಡಿಕೊಂಡವನು. ಬಿಡಿಭಾಗಗಳ ನಡುವೆಯೇ ತಲೆ ಹಣ್ಣಾದವನು. ನನ್ನ ಸ್ಟೋರ್ಸ್‌ನಲ್ಲಿ ಬೋಲ್ಟಿನ ಜೊತೆ ಬೋಲ್ಟು, ನಟ್ಟಿನ ಜೊತೆ ನಟ್ಟು, ವಾಷರಿನ ಜೊತೆ ವಾಷರು. ಪ್ರತಿಯೊಂದು ಗೂಡಿಗೂ ಒಂದು ಕಾರ್ಡು ನೇತಾಡುತ್ತಿತ್ತು. ಕಣ್ಣಿಗೆ ಬಟ್ಟೆ ಕಟ್ಟಿದರೂ ಕೇಳಿದ ವಸ್ತು ತೆಗೆದುಕೊಡುತ್ತಿದ್ದೆ. ನಿವೃತ್ತಿಯಾದ ವಾರದಲ್ಲೇ ಈ ವಿದ್ಯೆಯನ್ನು ಮನೆಯ ಅಡುಗೆಮನೆಗೂ ಧಾರೆಯೆರೆದೆ. ಪುಡಿಗಳೆಲ್ಲ ಒಂದು ಸಾಲು ಎಂದು ಸಾರಿನಪುಡಿ, ಹುಳಿಪುಡಿ, ಸೋಪಿನಪುಡಿಗಳನ್ನು ಒಟ್ಟಿಗೆ ನಿಲ್ಲಿಸಿದೆ. ಆ ದಿನದ ಸಾರಿನ ನೊರೆ ನೋಡಿದ ಮೇಲೆ ಸರೋಜ ನನಗೆ ಅಡುಗೆಮನೆಯ ಹೊಸ್ತಿಲು ದಾಟದಂತೆ ಆಜ್ಞೆ ಮಾಡಿದ್ದಾಳೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ನಿವೃತ್ತಿಯಾದರೂ ಹೋಗುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಸೋರ್ಸ್ ಇಳಿಸಿಕೊಂಡೆ. ಒಂದೇ ಒಂದು ಮೂಟೆ, ಬಿಗಿಯಾಗಿ ಅದುಮಿ ಕಟ್ಟಿದ್ದು. ಬಿಚ್ಚಿದರೆ ಅಬ್ಬಬ್ಬಾ, ನೂರಾರು ಫೈಲು, ಇಪ್ಪತ್ತು ಮೂವತ್ತು ಫೋಲ್ಡರು. ಮೇಲುಗಡೆಯೇ 'ಮೊದಲು ಇದನ್ನು ಓದಿ' ಎಂಬ ಅರ್ಥದ ಒಂದು ಫೈಲಿತ್ತು. ಪ್ರೆಷರ್ ಕುಕ್ಕರಿನ ಡಬ್ಬದಲ್ಲಿ ಬರುವ ಪುಸ್ತಕ ಯಾರಾದರೂ ಓದಿದ್ದಾರೆಯೇ? ನಾನೂ ಓದಲಿಲ್ಲ. ಒಳಗೆ ಹೊಕ್ಕು ನೋಡಿದೆ. ನೋಡಿದರೆ ನನ್ನ ಕಣ್ಣಿಗೆ ಅದು ಕೊಂಪೆ. ಬೇರೆ ಬೇರೆ ಜಾತಿಯ ಫೈಲುಗಳು ಒಂದೇ ಫೋಲ್ಡರಿನಲ್ಲಿ ಬಿದ್ದಿವೆ, ಒಂದೇ ಜಾತಿಯವು ಹತ್ತು ಕಡೆ ಚೆಲ್ಲಿವೆ. ಎಷ್ಟು ಓದಿದವರು ಬರೆದರೋ ಏನೋ, ಸ್ಟೋರ್ಸ್ ಇಡುವುದು ಮಾತ್ರ ಯಾರಿಗೂ ಬರುವುದಿಲ್ಲ ಎಂದುಕೊಂಡೆ. ಸೊಂಟಕ್ಕೆ ಟವೆಲ್ ಬಿಗಿದೆ.

ಇಡೀ ಶುಕ್ರವಾರ ಅದೇ ಕೆಲಸ. ಹೆಸರಿನ ಕೊನೆಯ ಅಕ್ಷರ ನೋಡಿ ಜಾತಿ ಗುರುತಿಸಿ, ಒಂದೊಂದು ಜಾತಿಗೆ ಒಂದೊಂದು ಹೊಸ ಫೋಲ್ಡರ್ ಮಾಡಿ ತುಂಬಿದೆ. ಜಾತಿ ತಿಳಿಯದವನ್ನು 'ಇತರೆ' ಎಂಬ ಫೋಲ್ಡರಿಗೆ ಹಾಕಿದೆ. ನಡುನಡುವೆ ಕಂಪ್ಯೂಟರ್ ಕೇಳುತ್ತಿತ್ತು, ಇದೇ ಹೆಸರಿನ ಫೈಲು ಇಲ್ಲಿ ಆಗಲೇ ಇದೆ, ಅದರ ಬದಲು ಇದನ್ನು ಇಡಲೇ ಎಂದು. ಸ್ಟೋರ್ಸ್‌ನಲ್ಲಿ ಒಂದೇ ವಸ್ತು ಎರಡು ಗೂಡಿನಲ್ಲಿದ್ದರೆ ಅದು ಸ್ಟೋರ್‌ಕೀಪರಿಗೆ ಅವಮಾನ. ಇಡು, ಇಡು, ಇಡು ಎಂದು ಒತ್ತಿದೆ. ಸಂಜೆ ಹೊತ್ತಿಗೆ ಎಂಟೇ ಫೋಲ್ಡರು, ಎಲ್ಲಕ್ಕೂ ಕನ್ನಡದಲ್ಲಿ ಹೆಸರು. ಸರೋಜಳನ್ನು ಕರೆದು ತೋರಿಸಿದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನೋಡಿ, "ಇದ್ರಲ್ಲಿ ಸೋಪಿನಪುಡಿ ಯಾವ್ದು?" ಎಂದಳು. ಹೆಂಗಸರಿಗೆ ಹಳೆಯದನ್ನು ಮರೆಯುವ ಅಭ್ಯಾಸವೇ ಇಲ್ಲ.

ಶನಿವಾರ ಜೋಡಿಸಲು ಕೂತೆ. ಈಗಲಾದರೂ ಓದೋಣವೆಂದು 'ಇತರೆ'ಯಿಂದ ಆ ಫೈಲು ಹೆಕ್ಕಿದೆ. ಮೂರೇ ಆಜ್ಞೆ. ಮೊದಲನೆಯದು ಕಾನ್ಫಿಗರ್: ಈ ಕಂಪ್ಯೂಟರಿನಲ್ಲಿ ಬೇಕಾದ ಸಲಕರಣೆ ಇದೆಯೋ ಇಲ್ಲವೋ ಎಂದು ಅದೇ ಹುಡುಕಿ ನೋಡಿಕೊಳ್ಳುತ್ತದೆ. ಎರಡನೆಯದು ಮೇಕ್: ಭಾಗಗಳನ್ನು ಜೋಡಿಸುತ್ತದೆ. ಮೂರನೆಯದು ಮೇಕ್ ಇನ್‌ಸ್ಟಾಲ್: ಜೋಡಿಸಿದ್ದನ್ನು ತಂದು ಜಾಗದಲ್ಲಿ ಕೂರಿಸುತ್ತದೆ. ಇಷ್ಟು ಸುಲಭವೇ ಎಂದು ಮೊದಲನೆಯದನ್ನು ಒತ್ತಿದೆ. ಕಂಪ್ಯೂಟರ್ ಒಂದೇ ಸಾಲಿನಲ್ಲಿ ಹೇಳಿತು: ಮೂಲ ಫೈಲುಗಳು ಇಲ್ಲೂ ಸಿಗುತ್ತಿಲ್ಲ, ಮೇಲಿನ ಫೋಲ್ಡರಿನಲ್ಲೂ ಸಿಗುತ್ತಿಲ್ಲ.

ಇಲ್ಲೇ ಇವೆಯಲ್ಲಪ್ಪ, ಸಾಲಾಗಿ ಜೋಡಿಸಿದ್ದೇನೆ ಎಂದು ನಾನು. ಸಿಗುತ್ತಿಲ್ಲ ಎಂದು ಅದು. ಮಧ್ಯಾಹ್ನದ ತನಕ ಹೀಗೇ ನಡೆಯಿತು. ಹೆಸರು ತಿದ್ದಿದೆ, ಅಲ್ಲಿಂದ ಇಲ್ಲಿಗೆ ತಳ್ಳಿದೆ. ಕೊನೆಗೆ ಯಾವುದು ಎಲ್ಲಿತ್ತು ಎಂದು ನೆನಪು ಮಾಡಿಕೊಂಡು ಹಿಂದಿನ ಹಾಗೆಯೇ ಇಡಲು ನೋಡಿದೆ. ಆದರೆ ಒಂದೇ ಹೆಸರಿನವನ್ನು ಒಂದರ ಮೇಲೊಂದು ಹಾಕಿ ಅಳಿಸಿಬಿಟ್ಟಿದ್ದೆನಲ್ಲ, ಅವು ಎಲ್ಲಿಂದ ಬರಬೇಕು? ಊಟಕ್ಕೆ ಕರೆದರೆ ಹಸಿವಿಲ್ಲ ಎಂದೆ. ನನಗೆ ಹಸಿವಿಲ್ಲ ಎಂದರೆ ನಮ್ಮ ಮನೆಯಲ್ಲಿ ಯಾರೋ ತೀರಿಕೊಂಡ ಹಾಗೆ. ಅಮ್ಮ ಕೋಲೂರಿಕೊಂಡು ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು.

"ನಾಳೆ ಭಾನುವಾರ," ಎಂದಳು.

"ಗೊತ್ತಮ್ಮ. ಈ ವಾರ ಒಂದಿನ ನೀನು ಹೇಳು, ನಾನು ಕೈಯಲ್ಲಿ ಬರ್ಕೊಡ್ತೀನಿ. ದುಂಡಗೆ ಬರೀತೀನಿ."

ಅಮ್ಮ ನನ್ನನ್ನೇ ನೋಡಿದಳು. "ಅಕ್ಕಂಗೆ ಹೇಳೋದನ್ನ ನಿನ್ ಮುಂದೆ ಹೇಳಕ್ಕಾಗತ್ತೇನೋ? ಸರೋಜಂಗೂ ಹೇಳಲ್ಲ. ಅದು ಅಕ್ಕಂಗೆ." ಕೋಲನ್ನು ಮೇಜಿಗೆ ಒರಗಿಸಿ ಅಂದಳು, "ಅವಳು ಮತ್ತೆ ಬಸ್‌ಸ್ಟ್ಯಾಂಡ್ ಕಡೆ ಹೊರಟ್ರೆ?"

ನಾನು ಮಾಡಿದ್ದನ್ನೆಲ್ಲ ಒಪ್ಪಿಸಿದೆ. ಹೇಗೆ ಬಂತು, ಹೇಗೆ ಬೇರೆ ಮಾಡಿದೆ, ಎರಡೆರಡಿದ್ದವನ್ನು ಹೇಗೆ ಅಳಿಸಿದೆ, ಎಲ್ಲವನ್ನೂ. ಅಮ್ಮ ಕೇಳಿಸಿಕೊಂಡು, ಎದ್ದು ಅಡುಗೆಮನೆಗೆ ಹೋದಳು. ಬರುವಾಗ ಕೈಯಲ್ಲಿ ಹಿತ್ತಾಳೆ ಡಬ್ಬಿ. ಕಂಪ್ಯೂಟರ್ ಪಕ್ಕದಲ್ಲಿ ಇಟ್ಟು ಮುಚ್ಚಳ ತೆಗೆದಳು. ಮೇಜಿನ ತುಂಬ ಇಂಗಿನ ಘಮ.

"ಏನೇನಿದೆ ಹೇಳು."

"ಸಾಸಿವೆ, ಜೀರಿಗೆ, ಮೆಂತ್ಯ, ಕಡ್ಲೆಬೇಳೆ, ಉದ್ದಿನಬೇಳೆ, ಒಣಮೆಣಸಿನಕಾಯಿ. ಮಧ್ಯ ಇಂಗು."

"ಎಲ್ಲಾ ಒಂದೇ ಜಾತಿಯಾ?"

"ಅಲ್ಲ."

"ಮತ್ಯಾಕೆ ಒಂದೇ ಡಬ್ಬೀಲಿ ಇಟ್ಟಿದೀನಿ?"

ಬಾಗಿಲಲ್ಲಿ ನಿಂತಿದ್ದ ಸರೋಜ ನನ್ನ ಪರವಾಗಿ ಉತ್ತರ ಕೊಟ್ಟಳು, "ಎಣ್ಣೆ ಕಾದಾಗ ಹುಡುಕ್ಕೊಂಡು ಹೋಗಕ್ಕಾಗಲ್ಲ ಅತ್ತೆ. ಎಲ್ಲಾ ಕೈಗೆ ಸಿಗ್ಬೇಕು."

"ಹೂಂ. ಕಡ್ಲೆಬೇಳೆ ಮೇಲಿನ ದೊಡ್ಡ ಡಬ್ಬೀಲೂ ಇದೆ, ಇಲ್ಲೂ ಇದೆ. ಎರಡು ಕಡೆ ಇದೆ ಅಂತ ಇದನ್ನ ಚೆಲ್ತೀಯೇನೋ?" ಅಮ್ಮ ಪರದೆಯ ಕಡೆ ಬೆರಳು ತೋರಿಸಿದಳು. "ಅದನ್ನ ಬರ್ದೋರು ಯಾವುದು ಯಾವುದ್ರ ಜೊತೆ ಕೆಲ್ಸಕ್ಕೆ ಬೇಕು ಅಂತ ನೋಡಿ ಇಟ್ಟಿರ್ತಾರೆ ಕಣೋ. ಅವರ ಅಡುಗೆಮನೆಗೆ ನುಗ್ಗಿ ಡಬ್ಬಿ ಬದಲಾಯಿಸೋಕೆ ನೀನ್ಯಾರು?"

ಮೂವತ್ತೈದು ವರ್ಷದ ಸರ್ವಿಸ್ಸು ಒಂದು ಒಗ್ಗರಣೆ ಡಬ್ಬಿಯ ಮುಂದೆ ಮಣ್ಣುಪಾಲಾಯಿತು. ಆದರೆ ನಿಜ ಹೇಳುತ್ತೇನೆ, ನನಗೆ ಬೇಸರವಾಗಲಿಲ್ಲ. ಸ್ಟೋರ್ಸ್ ಬೇರೆ, ಅಡುಗೆಮನೆ ಬೇರೆ ಎಂದು ಅರವತ್ತೊಂದನೆಯ ವಯಸ್ಸಿನಲ್ಲಿ ಗೊತ್ತಾದರೂ ಅದೊಂದು ಖುಷಿಯೇ. ನನ್ನ ಸ್ಟೋರ್ಸ್‌ಗೆ ಬರುವವರು ಒಂದೊಂದೇ ವಸ್ತು ಕೇಳಿಕೊಂಡು ಬರುತ್ತಿದ್ದರು. ಇಲ್ಲಿ ಎಲ್ಲವೂ ಒಟ್ಟಿಗೆ ಒಂದೇ ಕಾದ ಎಣ್ಣೆಗೆ ಬೀಳಬೇಕು.

"ಎಲ್ಲಾ ಸರಿ ಅಮ್ಮ, ಅಳಿಸಿದ್ದು ಹೋಯ್ತಲ್ಲ?"

"ಮೂಟೆ ಬಿಚ್ಚಿದೆ ಅಂದ್ಯಲ್ಲ. ಆ ಮೂಟೆ ಎಲ್ಲಿ?"

ಮೂಟೆ ಇತ್ತು. ಇಳಿಸಿಕೊಂಡ ಜಾಗದಲ್ಲಿ ಹಾಗೆಯೇ ಕೂತಿತ್ತು. ಗೋಣಿಚೀಲ ಬಿಚ್ಚಿದರೆ ಖಾಲಿಯಾಗುತ್ತದೆ, ಕಂಪ್ಯೂಟರಿನ ಮೂಟೆ ಎಷ್ಟು ಸಲ ಬಿಚ್ಚಿದರೂ ತುಂಬಿಯೇ ಇರುತ್ತದೆ ಎಂಬುದು ಸ್ಟೋರ್‌ಕೀಪರನ ತಲೆಗೆ ಹೊಳೆಯುವ ಸಂಗತಿಯಲ್ಲ. ಬೆಳಗಿನಿಂದ ಆ ಮೂಟೆಯ ಪಕ್ಕದಲ್ಲೇ ಕೂತು ಅಳುತ್ತಿದ್ದೆ. ಎಂಟು ಫೋಲ್ಡರುಗಳನ್ನು ಒಂದೇ ಏಟಿಗೆ ಕಸದಬುಟ್ಟಿಗೆ ಹಾಕಿ, ಊಟಕ್ಕೆ ಎದ್ದೆ. ಅವತ್ತು ಎರಡು ಮುದ್ದೆ ಹೆಚ್ಚಿಗೆ ತಿಂದೆ ಎಂದು ಸರೋಜ ಹೇಳುತ್ತಾಳೆ, ನಾನು ಎಣಿಸಲಿಲ್ಲ.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಹೊಸದಾಗಿ ಮೂಟೆ ಬಿಚ್ಚಿದೆ. ಒಂದು ಫೈಲನ್ನೂ ಮುಟ್ಟಲಿಲ್ಲ. ಕೈ ಕಡಿಯುತ್ತಿತ್ತು, ತಡೆದುಕೊಂಡೆ. ಡಬ್ಬಿ ಪಕ್ಕದಲ್ಲೇ ಇತ್ತು, ಕಾವಲಿಗೆ. ಕಾನ್ಫಿಗರ್ ಒತ್ತಿದೆ. ಪರದೆಯ ಮೇಲೆ ಸಾಲು ಸಾಲು ಓಡತೊಡಗಿತು. ಅದು ಇದೆಯೇ, ಇದೆ. ಇದು ಇದೆಯೇ, ಇದೆ. ನಾನು ಹುಟ್ಟಿದಾಗಿನಿಂದ ಇಷ್ಟು ವೇಗವಾಗಿ ದಾಸ್ತಾನು ಪರೀಕ್ಷೆ ಮಾಡಿದವರನ್ನು ನೋಡಿರಲಿಲ್ಲ. ಸರೋಜ ದೋಸೆ ಹುಯ್ಯುವುದು ಬಿಟ್ಟು ಬಂದು ನಿಂತಳು. "ಹಬ್ಬದ ಹಿಂದಿನ ದಿನ ನಾನು ಹೀಗೇ ನೋಡ್ಕೊಳೋದು. ಬೆಲ್ಲ ಇದೆ, ಏಲಕ್ಕಿ ಇದೆ," ಎಂದಳು. ಒಂದು ಕಡೆ 'ಇಲ್ಲ' ಎಂದು ನಿಂತಿತು. ಪರದೆಯ ಮೇಲೆ ಅಕ್ಷರ ಮೂಡಿಸಲು ಬೇಕಾದ ಯಾವುದೋ ಒಂದು ಸಾಮಾನು ಕಡಿಮೆ. ಅಂಗಡಿಯವರಿಗೆ ಫೋನ್ ಮಾಡಿದೆ. ಅದು ಮಾತ್ರ ರೆಡಿಮೇಡ್ ಸಿಗುತ್ತಿತ್ತು. ಹೇಗೆ ತರಿಸಿಕೊಳ್ಳಬೇಕೆಂದು ಹೇಳಿಕೊಟ್ಟರು. ಮತ್ತೆ ಮೊದಲಿನಿಂದ. ಈ ಸಲ ಕೊನೆಯ ತನಕ ಹೋಯಿತು.

ಮೇಕ್ ಒತ್ತಿದ ಮೇಲೆ ಅರ್ಧ ಗಂಟೆ ನಮಗೆ ಕೆಲಸವಿರಲಿಲ್ಲ. ಕಂಪ್ಯೂಟರ್ ಬಿಸಿಯಾಗಿ ಫ್ಯಾನು ಹುಯ್ಯೆಂದಿತು. ನಡುವೆ ಏನೇನೋ ಎಚ್ಚರಿಕೆಯ ಸಾಲುಗಳು. ಪ್ರತಿ ಸಾಲಿಗೂ ನಾನು ಎದ್ದು ನಿಲ್ಲುತ್ತಿದ್ದೆ. "ಕೂತ್ಕೊಳ್ರೀ, ಕುಕ್ಕರ್ ಕೂಗಿದ್ರೆ ಒಡದೇಹೋಗತ್ತಾ?" ಎಂದಳು ಸರೋಜ. ಅಮ್ಮ ಗಡಿಯಾರ ನೋಡುತ್ತಿದ್ದಳು. ಹತ್ತು ಗಂಟೆಗೆ ದೊಡ್ಡಮ್ಮ ಕನ್ನಡಕ ಒರೆಸಿಕೊಂಡು ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಆಗ ಹತ್ತೂಕಾಲು. ಅವರ ಸೊಸೆಗೆ ಫೋನ್ ಮಾಡಿ ಒಂದೇ ಮಾತು ಹೇಳಿದೆ, "ಗೇಟಿಗೆ ಬೀಗ ಹಾಕಮ್ಮ."

ಜೋಡಣೆ ಮುಗಿಯಿತು. ಮೂರನೆಯ ಆಜ್ಞೆ ಕೊಟ್ಟರೆ ಕಂಪ್ಯೂಟರ್ ಅನುಮತಿಯಿಲ್ಲ ಎಂದಿತು. ಜಾಗದಲ್ಲಿ ಕೂರಿಸಲು ಯಜಮಾನನ ಗುಪ್ತಪದ ಬೇಕಂತೆ. ಈ ಮನೆಯ ಯಜಮಾನ ನಾನೇ ಎಂದು ಎದೆ ತಟ್ಟಿಕೊಂಡು, ಗುಪ್ತಪದ ಏನೆಂದು ಸರೋಜಳನ್ನು ಕೇಳಿದೆ. ಅವಳು ಹೇಳಿದಳು. ಎಡಿಟರ್ ಕೂತಿತು. ಅಮ್ಮನ ಬೆರಳಿನ ಪಟ್ಟಿಯನ್ನು ಪೆನ್‌ಡ್ರೈವಿನಿಂದ ತಂದು, ಓದಿದ ಪ್ರಕಾರ, ಹೇಳಿದ ಫೋಲ್ಡರಿನಲ್ಲೇ ಇಟ್ಟೆ. ಅಕ್ಷರ ದೊಡ್ಡದು ಮಾಡಿದೆ. "ಬಾಮ್ಮ" ಎಂದೆ.

ಅಮ್ಮ ಕೂತು ಕೈ ಒಂದಕ್ಕೊಂದು ಉಜ್ಜಿಕೊಂಡಳು. ಕೈ ನಡುಗುತ್ತಿತ್ತು. ಕೀಲಿಯ ಮೇಲೆ ಇಟ್ಟಳು, ನಡುಕ ನಿಂತಿತು. ಕಣ್ಣು ಮುಚ್ಚಿ ಒತ್ತಿದಳು. ಪರದೆಯ ಮೇಲೆ ಒಂದೊಂದೇ ಅಕ್ಷರ ಬಂತು: ಪ್ರೀತಿಯ ಅಕ್ಕನಿಗೆ.

ನಾನು ಸರೋಜಳ ಮುಖ ನೋಡಿದೆ, ಸರೋಜ ನನ್ನ ಮುಖ ನೋಡಿದಳು. ಅಮ್ಮ ಕಣ್ಣು ಬಿಟ್ಟು, ಓದಿ, ನಮ್ಮ ಕಡೆ ತಿರುಗಿದಳು. "ಸರಿ ಬಂತು. ಇನ್ನು ಇಬ್ರೂ ಆಚೆ ಹೋಗಿ."

ಮೂರು ದಿನ ಒದ್ದಾಡಿದವನಿಗೆ ಸಿಕ್ಕ ಸನ್ಮಾನ ಇಷ್ಟು. ಹೊರಗೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ಒಳಗೆ ಅಮ್ಮ ಟೈಪ್ ಮಾಡುತ್ತಿದ್ದಳು. ಮರದ ಬಾಗಿಲು, ಸದ್ದು ಬೆನ್ನಿಗೇ ತಟ್ಟುತ್ತಿತ್ತು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ. ನನಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣು ತೇವವಾಯಿತು, ಆಮೇಲೆ ಅಲ್ಲೇ ನಿದ್ದೆಯೂ ಬಂತು. ಸರೋಜ ಎಬ್ಬಿಸಿದಾಗ ಅಮ್ಮ ಲಕೋಟೆ ಹಿಡಿದು ನಿಂತಿದ್ದಳು. ಇನ್ನೊಂದು ಕೈಯಲ್ಲಿ ಬಟ್ಟೆ ಚೀಲ. ಚೀಲದಲ್ಲಿ ಡಬ್ಬಿ.

"ಇದನ್ನೂ ಅಕ್ಕಂಗೆ ಕೊಡು."

"ಯಾವುದು, ಡಬ್ಬೀನಾ?"

"ತಡ ಆಯ್ತಲ್ಲ. ಬರೀ ಕಾಗದ ಹಿಡ್ಕೊಂಡು ಹೋಗ್ಬೇಡ," ಎಂದು ಅಮ್ಮ ಒಳಗೆ ಹೋದಳು.

ದಾರಿಯಲ್ಲಿ ಆರ್‌ಪಿಸಿ ಲೇಔಟಿನ ಬೇಕರಿಗೆ ಸುತ್ತಿಕೊಂಡು ದೊಡ್ಡಮ್ಮನಿಗೆ ಬೆಣ್ಣೆ ಬಿಸ್ಕೆಟ್ ತೆಗೆದುಕೊಳ್ಳುವುದು ರೂಢಿ. ಅವತ್ತು ಅದನ್ನೂ ಬಿಟ್ಟೆ. ಮೂಡಲಪಾಳ್ಯ ತಲುಪಿದಾಗ ಹನ್ನೆರಡೂಕಾಲು. ಬೀಗ ಹಾಕಿದ ಗೇಟಿನ ಒಳಗೆ ದೊಡ್ಡಮ್ಮ ಕಂಬಿ ಹಿಡಿದುಕೊಂಡು ನಿಂತಿದ್ದಳು. ಕಾಲಲ್ಲಿ ಚಪ್ಪಲಿ, ತೋಳಿನಲ್ಲಿ ಕೈಚೀಲ. ಹೊರಡಲು ಸಿದ್ಧವಾಗಿ ಸೊಸೆಯನ್ನು ಬೈಯುತ್ತಿದ್ದಳು. ಕಿವಿ ಕೇಳದವರ ಬೈಗುಳ, ನಾಲ್ಕು ಅಂಗಡಿಯವರೂ ಹೊರಗೆ ಬಂದು ನಿಂತಿದ್ದರು. ನಾನು ದೂರದಿಂದಲೇ ಲಕೋಟೆ ಎತ್ತಿ ತೋರಿಸಿದೆ. ದೊಡ್ಡಮ್ಮನ ಬಾಯಿ ನಿಂತಿತು. ಚಪ್ಪಲಿ ಬಿಟ್ಟಳು. ಕುರ್ಚಿಯಲ್ಲಿ ಕೂತು, ಕನ್ನಡಕ ಒರೆಸಿಕೊಂಡು, ಲಕೋಟೆ ಹರಿದಳು.

ಓದುತ್ತಾ ಓದುತ್ತಾ ಅವಳ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದು ಹತ್ತಿರ ಹೋದೆ. ನಗುತ್ತಿದ್ದಳು. ತಲೆಯೆತ್ತಿ ನನ್ನನ್ನು ನೋಡಿ, ಬೀದಿಗೆಲ್ಲ ಕೇಳುವ ಹಾಗೆ ಅಂದಳು, "ಲೋ, ಮೆಂತ್ಯ ಎಲ್ಲಾ ಒಂದ್ಕಡೆ, ಮೆಣಸಿನಕಾಯಿ ಎಲ್ಲಾ ಒಂದ್ಕಡೆ ಹಾಕಿ, ಒಗ್ಗರಣೆ ಎಲ್ಲಿ ಅಂತ ಅಳ್ತಿದ್ಯಂತೆ. ಊಟ ಬೇರೆ ಬಿಟ್ಟಿದ್ಯಂತೆ." ಅಂಗಡಿಯವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಹನ್ನೆರಡು ವರ್ಷದಿಂದ ಆ ಕಾಗದಗಳಲ್ಲಿ ಏನಿರುತ್ತದೆ ಎಂದು ತಿಳಿಯುವ ಕುತೂಹಲ ನನಗೆ ಅವತ್ತೇ ಇಂಗಿಹೋಯಿತು.

ಆಮೇಲೆ ಚೀಲ ಕೊಟ್ಟೆ. ದೊಡ್ಡಮ್ಮ ಇಣುಕಿ ನೋಡಿದಳು. ಕೈ ಹಾಕಿ ಡಬ್ಬಿಯನ್ನು ಮಡಿಲಿಗೆ ತೆಗೆದುಕೊಂಡಳು. ಮುಚ್ಚಳ ತೆಗೆಯಲಿಲ್ಲ, ಸೊಟ್ಟಗಾದ ಜಾಗದ ಮೇಲೆ ಹೆಬ್ಬೆರಳು ಆಡಿಸುತ್ತಾ ಬಹಳ ಹೊತ್ತು ಕೂತಿದ್ದಳು. "ಇದು ನಾನೇ ಬೀಳಿಸಿದ್ದು. ಅವ್ವ ಜಯಂಗೆ ಹೊಡೆದ್ಲು," ಎಂದಳು. ಈ ಮಾತು ಮಾತ್ರ ಮೆಲ್ಲಗೆ.

ಮುಂದಿನ ಭಾನುವಾರ ಡಬ್ಬಿ ವಾಪಸು ಕೊಟ್ಟಳು. ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದಲ್ಲ, ಸುತ್ತಲಿನ ಆರು ಬಟ್ಟಲಿನಲ್ಲಿ ಎಳ್ಳು, ಹುರಿಗಡಲೆ, ಕಡಲೆಬೀಜ, ಕೊಬ್ಬರಿ, ಬೆಲ್ಲ, ದ್ರಾಕ್ಷಿ; ನಡುವೆ ಇಂಗಿದ್ದ ಜಾಗದಲ್ಲಿ ಕಲ್ಲುಸಕ್ಕರೆ. "ಇದು ಜಯಂದೇ. ಅವ್ವ ಅವಳಿಗೇ ಹೇಳಿದ್ದು ಅಂತ ಹೇಳು," ಎಂದಳು. ನಾನು ತಂದು ಹೇಳಿದೆ. ಅಮ್ಮ ಕಲ್ಲುಸಕ್ಕರೆಯ ಒಂದು ಚೂರು ಬಾಯಿಗೆ ಹಾಕಿಕೊಂಡಳು. ನಾನೂ ಒಂದು ಹಾಕಿಕೊಂಡು ಉಗುಳಬೇಕೆಂದಿದ್ದೆ, ಅಷ್ಟು ಇಂಗಿನ ವಾಸನೆ. ಅಮ್ಮ ಚೀಪುತ್ತಾ ಪೂರ್ತಿ ತಿಂದಳು. "ಇಲ್ಲ ಕಣೋ. ಡಬ್ಬಿ ಅಕ್ಕಂದೇ," ಎಂದಳು. ಅದರ ಮುಂದಿನ ಭಾನುವಾರ ಡಬ್ಬಿ ಮತ್ತೆ ತುಂಬಿಕೊಂಡು ಮೂಡಲಪಾಳ್ಯಕ್ಕೆ ಹೋಯಿತು.

ಐವತ್ತು ವರ್ಷ ಇಬ್ಬರೂ ನನ್ನದು ನನ್ನದು ಎನ್ನುತ್ತಿದ್ದ ಡಬ್ಬಿಗೆ ಈಗ ಯಜಮಾನರೇ ಇಲ್ಲ. ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ. ಸರೋಜ ಒಗ್ಗರಣೆಗೆ ಸ್ಟೀಲಿನದೊಂದು ಕೊಂಡಿದ್ದಾಳೆ. ಇಲ್ಲಿದ್ದಾಗ ಹಿತ್ತಾಳೆಯದನ್ನು ಎಲ್ಲಿಡಬೇಕೆಂದು ನಾನು ಬಹಳ ಯೋಚಿಸಿದೆ. ಪಾತ್ರೆಯ ಜೊತೆ ಪಾತ್ರೆ ಎಂದು ಹಳೆಯ ಬುದ್ಧಿ ಅಡುಗೆಮನೆಯ ಕಪಾಟು ತೋರಿಸಿತು. ಆದರೆ ಕಾಗದವೂ ಅದೂ ಒಂದೇ ಚೀಲದಲ್ಲಿ ಹೋಗಬೇಕಲ್ಲ. ಹಾಗಾಗಿ ಅಲ್ಲಿಟ್ಟಿದ್ದೇನೆ, ಕಂಪ್ಯೂಟರ್ ಪಕ್ಕದಲ್ಲಿ. ದಯವಿಟ್ಟು ನೀವ್ಯಾರೂ ಎತ್ತಿ ಒಳಗಿಡಬೇಡಿ. ನಾಳೆ ಭಾನುವಾರ.